ಆತ್ಮಗೌರವಕ್ಕೆ ಕಟ್ಟಿದ ಷರತ್ತು: ಆಪ್ತಸಮಾಲೋಚನೆಯಲ್ಲಿ ನನ್ನ ಅನುಭವ

ಆತ್ಮಗೌರವ ಕುಗ್ಗಿದೆ ಎಂದು ಹೇಳಿಕೊಂಡು ನನ್ನ ಬಳಿ ಬರುವವರು ಕಡಿಮೆ. ನಿದ್ರೆ ಹತ್ತುವುದಿಲ್ಲ, ಹಿಡಿದ ಕೆಲಸ ಮುಗಿಯುವುದಿಲ್ಲ, ಯಾರಾದರೂ ಒಂದು ಮಾತು ಆಡಿದರೆ ವಾರವಿಡೀ ಅದೇ ಕೊರೆಯುತ್ತದೆ ಎನ್ನುವ ದೂರುಗಳೊಂದಿಗೆ ಅವರು ಬರುತ್ತಾರೆ. ಮಾತು ಮುಂದುವರಿದಂತೆ ಅವುಗಳ ಕೆಳಗೆ 'ನಾನು ಯಾತಕ್ಕೂ ಸಾಲದವನು' ಎಂಬ ಹಳೆಯ ತೀರ್ಪೊಂದು ಗೋಚರಿಸುತ್ತದೆ.

ಮೊದಲ ಭೇಟಿಗಳಲ್ಲಿ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಆತ್ಮಗೌರವದ ಮಾಪನವನ್ನು ಬಳಸುತ್ತೇನೆ. ಅದರಲ್ಲಿ 10 ಹೇಳಿಕೆಗಳಿವೆ. ಪ್ರತಿಯೊಂದನ್ನೂ ಎಷ್ಟರಮಟ್ಟಿಗೆ ಒಪ್ಪುತ್ತೇವೆ ಎಂಬುದನ್ನು ನಾಲ್ಕು ಆಯ್ಕೆಗಳಲ್ಲಿ ಗುರುತಿಸಬೇಕು. ಒಟ್ಟು ಅಂಕಕ್ಕಿಂತ ಅವರು ಯಾವ ಹೇಳಿಕೆಯ ಮುಂದೆ ತಡೆದು ನಿಂತರು ಎಂಬುದೇ ನನಗೆ ಹೆಚ್ಚು ತಿಳಿಸುತ್ತದೆ.

ಆನಂತರ ಆ ತೀರ್ಪು ಎಲ್ಲಿಂದ ಬಂತೆಂದು ಇಬ್ಬರೂ ಸೇರಿ ಹುಡುಕುತ್ತೇವೆ. ಚಿಕ್ಕ ಮಗುವನ್ನು ಕೇಳಿದರೆ ತಾನು ಓಡಬಲ್ಲೆ, ಚಿತ್ರ ಬಿಡಿಸಬಲ್ಲೆ ಎಂದು ಬಿಡಿಬಿಡಿಯಾಗಿ ಹೇಳುತ್ತದೆ. ಒಬ್ಬ ವ್ಯಕ್ತಿಯಾಗಿ ತನ್ನ ಒಟ್ಟು ಬೆಲೆ ಎಷ್ಟು ಎಂಬ ಎಣಿಕೆ ಸುಮಾರು 8ನೇ ವಯಸ್ಸಿನ ಹೊತ್ತಿಗೆ ಸ್ಪಷ್ಟವಾಗುತ್ತದೆ ಎಂಬುದನ್ನು ಸೂಸನ್ ಹಾರ್ಟರ್ ಅವರ ಅಧ್ಯಯನಗಳು ತೋರಿಸಿವೆ. ಓರಗೆಯವರೊಂದಿಗೆ ಹೋಲಿಸಿಕೊಳ್ಳುವುದು ಬಲಿಯುವ ವಯಸ್ಸೂ ಅದೇ ಆದ್ದರಿಂದ, ಆ ವರ್ಷಗಳಲ್ಲಿ ಮನೆಯಲ್ಲಿ ಮತ್ತು ತರಗತಿಯಲ್ಲಿ ಯಾರ ಮಾತು ನಡೆಯುತ್ತಿತ್ತು, ಮೆಚ್ಚುಗೆ ಯಾವಾಗ ಸಿಗುತ್ತಿತ್ತು, ಯಾವಾಗ ತಪ್ಪುತ್ತಿತ್ತು ಎಂದು ನಿಧಾನವಾಗಿ ಕೇಳುತ್ತೇನೆ. ಹೆಚ್ಚಿನವರು ಇಲ್ಲಿ ಒಂದು ಷರತ್ತನ್ನು ಕಂಡುಕೊಳ್ಳುತ್ತಾರೆ: ಮೊದಲ ಸ್ಥಾನದಲ್ಲಿದ್ದರೆ ಮಾತ್ರ, ಎದುರು ಮಾತಾಡದಿದ್ದರೆ ಮಾತ್ರ, ಎಲ್ಲರಿಗೂ ನೆರವಾದರೆ ಮಾತ್ರ ನನಗೆ ಬೆಲೆ. ಮನಶ್ಶಾಸ್ತ್ರಜ್ಞೆ ಜೆನಿಫರ್ ಕ್ರಾಕರ್ ಮತ್ತು ಅವರ ಸಹೋದ್ಯೋಗಿಗಳು ಒತ್ತಿ ಹೇಳಿರುವುದೂ ಇದನ್ನೇ. ಆತ್ಮಗೌರವ ಎಷ್ಟಿದೆ ಎಂಬುದರಷ್ಟೇ ಅದು ಯಾವುದಕ್ಕೆ ಕಟ್ಟುಬಿದ್ದಿದೆ ಎಂಬುದೂ ಮುಖ್ಯ.

ನನ್ನ ಕೆಲಸದ ಬಹುಪಾಲು ಈ ಷರತ್ತನ್ನು ಪರೀಕ್ಷೆಗೆ ಒಡ್ಡುವುದರಲ್ಲೇ ಕಳೆಯುತ್ತದೆ. ಇದಕ್ಕೆ ಮನಶ್ಶಾಸ್ತ್ರಜ್ಞೆ ಮೆಲನಿ ಫೆನೆಲ್ 1997ರಲ್ಲಿ ಮಂಡಿಸಿದ ಅರಿವಿನ ಮಾದರಿಯನ್ನು, ಅಂದರೆ ತನ್ನ ಬಗೆಗಿನ ನಂಬಿಕೆಗಳು ಕುಗ್ಗಿದ ಆತ್ಮಗೌರವವನ್ನು ಹೇಗೆ ಉಳಿಸಿಕೊಂಡು ಬರುತ್ತವೆ ಎಂಬ ವಿವರಣೆಯನ್ನು, ಅನುಸರಿಸುತ್ತೇನೆ. 'ಪ್ರಶ್ನೆ ಕೇಳಿದರೆ ನನಗೇನೂ ಗೊತ್ತಿಲ್ಲ ಎಂಬುದು ಬಯಲಾಗುತ್ತದೆ' ಎಂದು ನಂಬಿ ವರ್ಷಗಟ್ಟಲೆ ಸಭೆಗಳಲ್ಲಿ ಮೌನವಾಗಿದ್ದವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಯಾರೋ ಒಬ್ಬರ ಕಥೆಯಲ್ಲ, ಮತ್ತೆ ಮತ್ತೆ ಕಾಣುವ ಬಗೆ. ಮುಂದಿನ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುವುದೆಂದು ನಿರ್ಧರಿಸಿ, ಏನಾಗಬಹುದೆಂಬ ಊಹೆಯನ್ನು ಮೊದಲೇ ಬರೆದಿಡುತ್ತೇವೆ. ಇಲ್ಲೊಂದು ಎಚ್ಚರ ಬೇಕು. ಸಭೆ ಚೆನ್ನಾಗಿ ನಡೆದರೂ 'ಅವರು ಸೌಜನ್ಯಕ್ಕೆ ಸುಮ್ಮನಿದ್ದರು' ಎಂದು ಹಳೆಯ ತೀರ್ಪು ಆ ಸಾಕ್ಷ್ಯವನ್ನು ತಳ್ಳಿಹಾಕಿಬಿಡುತ್ತದೆ. ಆದ್ದರಿಂದ ಊಹೆ ನಿಜವಾದರೆ ಯಾರ ವರ್ತನೆಯಲ್ಲಿ ಏನು ಕಾಣಬೇಕು, ಸುಳ್ಳಾದರೆ ಏನು ಕಾಣಬೇಕು ಎಂಬುದನ್ನು ಕಣ್ಣಿಗೆ ಬೀಳುವ, ಕಿವಿಗೆ ಕೇಳುವ ವಿವರಗಳಲ್ಲೇ ಮುಂಚಿತವಾಗಿ ಬರೆಸುತ್ತೇನೆ. ಈ ಒಂದು ಹೆಜ್ಜೆಯಿಲ್ಲದ ಪ್ರಯೋಗದಿಂದ ಹೆಚ್ಚೇನೂ ದಕ್ಕುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜೊತೆಗೆ ಒಂದು ದಿನಚರಿ ಇರುತ್ತದೆ. ಅದರಲ್ಲಿ 'ನಾನು ಒಳ್ಳೆಯವಳು' ಎಂಬಂಥ ವಿಶೇಷಣಗಳಿಗೆ ಜಾಗವಿಲ್ಲ; 'ಸಹೋದ್ಯೋಗಿಯ ಲೆಕ್ಕದಲ್ಲಿದ್ದ ದೋಷವನ್ನು ಗಮನಿಸಿ ತಿಳಿಸಿದೆ' ಎಂಬಂಥ ನಡೆದ ಸಂಗತಿಗಳನ್ನಷ್ಟೇ ಬರೆಯಬೇಕು. ಹೊಗಳಿಕೆಯ ಮಂತ್ರಗಳನ್ನು ನಾನು ಕೊಡದಿರುವುದಕ್ಕೆ ಕಾರಣವಿದೆ. ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾನು ಪ್ರೀತಿಗೆ ಪಾತ್ರ ವ್ಯಕ್ತಿ ಎಂದು ಪುನರುಚ್ಚರಿಸಿದ ಕಡಿಮೆ ಆತ್ಮಗೌರವದವರ ಮನಸ್ಥಿತಿ, ಹಾಗೆ ಹೇಳಿಕೊಳ್ಳದವರಿಗಿಂತ ಕೆಟ್ಟಿತ್ತು. ಒಳಗಿನ ತೀರ್ಪಿಗೂ ಬಾಯಿಯ ಮಾತಿಗೂ ಇರುವ ದೂರ ಹೆಚ್ಚಿದಷ್ಟೂ ಆ ಮಾತು ಅಣಕವಾಗಿ ಕೇಳಿಸುತ್ತದೆ.

'ಈ ವಯಸ್ಸಿನಲ್ಲಿ ಇನ್ನೇನು ಬದಲಾದೀತು?' ಎಂದು ಕೇಳುವವರಿಗೆ, ಅನೇಕ ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ವಿಷಯ ಹೇಳುತ್ತೇನೆ. ಉಲ್ರಿಚ್ ಆರ್ಥ್ ಮತ್ತು ಜೊತೆಗಾರರ ಆ ವಿಶ್ಲೇಷಣೆಯ ಪ್ರಕಾರ, ಸರಾಸರಿ ಆತ್ಮಗೌರವವು ಹದಿಹರೆಯದ ಆರಂಭದಲ್ಲಿ ಸ್ಥಿರವಾಗಿದ್ದು, ಮತ್ತೆ ಏರುತ್ತ ಸುಮಾರು 60ನೇ ವಯಸ್ಸಿನಲ್ಲಿ ಅತಿ ಎತ್ತರಕ್ಕೆ ತಲುಪುತ್ತದೆ.

ಭೇಟಿಗಳನ್ನು ನಿಲ್ಲಿಸುವ ಮುನ್ನ ಅದೇ ಮಾಪನವನ್ನು ಮತ್ತೊಮ್ಮೆ ತುಂಬಿಸುತ್ತೇನಾದರೂ ಅಂಕ ಏರಿದೆ ಎಂಬ ಒಂದೇ ಕಾರಣಕ್ಕೆ ಕೆಲಸ ಮುಗಿಸುವುದಿಲ್ಲ. ಒಂದು ಸೋಲು ಎದುರಾದಾಗ ಅವರು 'ಈ ಕೆಲಸ ಕೆಟ್ಟಿತು' ಎನ್ನುತ್ತಾರೆಯೋ, 'ನಾನೇ ಕೆಟ್ಟವನು' ಎನ್ನುತ್ತಾರೆಯೋ ಎಂದು ಗಮನಿಸುತ್ತೇನೆ. ಹಳೆಯ ಷರತ್ತು ಮತ್ತೆ ತಲೆಯೆತ್ತುವ ಸಂದರ್ಭಗಳು ಯಾವುವು, ಆಗ ದಿನಚರಿಯ ಯಾವ ಪುಟ ತೆರೆಯಬೇಕು, ಯಾರೊಡನೆ ಮಾತಾಡಬೇಕು ಎಂಬುದನ್ನು ಅವರ ಕೈಯಿಂದಲೇ ಬರೆಸಿದ ಮೇಲೆ ಭೇಟಿಗಳ ನಡುವಿನ ಅಂತರವನ್ನು ಹೆಚ್ಚಿಸುತ್ತ ಹೋಗುತ್ತೇನೆ.