ನೋಟ್‌ಬುಕ್ಕಿನ ಕೊನೆಯ ಪುಟ

ಮಂಡ್ಯದ ಬಿ.ಎಡ್. ಕಾಲೇಜೊಂದರಲ್ಲಿ ಗಣಿತ ಬೋಧನಾ ವಿಧಾನ ಹೇಳಿಕೊಡುತ್ತೇನೆ. ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆ ಬರೆಯುವುದರಲ್ಲಿ ಗಟ್ಟಿಗರು. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲವೂ ಆಯಾ ಅಂಕಣದಲ್ಲಿ ಸರಿಯಾಗಿ ಕೂತಿರುತ್ತವೆ. ಆದರೆ ತರಗತಿಯಲ್ಲಿ ಮಗು ತಪ್ಪು ಉತ್ತರ ಹೇಳಿತೋ, 'ಕೂತ್ಕೋ, ನೆಕ್ಸ್ಟ್' ಎಂದು ಪಕ್ಕದವನ ಕಡೆ ಹೊರಟುಬಿಡುತ್ತಾರೆ. ಆ ತಪ್ಪು ಉತ್ತರಕ್ಕೆ ಯೋಜನೆಯಲ್ಲಿ ಅಂಕಣವೇ ಇಲ್ಲ.

ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯುವ ಇಂಟರ್ನ್‌ಶಿಪ್ 20 ವಾರಕ್ಕೇರಿತು. ಒಳ್ಳೆಯದೇ. ಆದರೂ ಒಬ್ಬರು ಮದ್ದೂರಿನ ಕಡೆ, ಇನ್ನೊಬ್ಬರು ನಾಗಮಂಗಲದ ಕಡೆ ಇರುವಾಗ ಎಲ್ಲರೂ ಒಂದೇ ಮಗುವನ್ನು ನೋಡಿ ಚರ್ಚಿಸುವುದು ಹೇಗೆ?

ಅದಕ್ಕೊಂದು ದಾರಿ ಪ್ರಕರಣ, ಅಂದರೆ ನಿಜವಾಗಿ ನಡೆದ ಒಂದು ಘಟನೆಯನ್ನು ಎಲ್ಲರ ಮುಂದಿಟ್ಟು ಕಲಿಸುವುದು. ಈ ಕ್ರಮ ಹಳೆಯದು. ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಲ್ಯಾಂಗ್‌ಡೆಲ್ ಅದನ್ನು 1870ರಲ್ಲೇ ಶುರು ಮಾಡಿದ್ದರು. ಶಿಕ್ಷಕರ ಜ್ಞಾನದಲ್ಲಿ ಪ್ರಕರಣಗಳಿಗೂ ಜಾಗವಿದೆ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಬರೆದರು. ನಾನೂ ಮೊದಮೊದಲು ಎರಡು ಪುಟದ ಜೆರಾಕ್ಸ್ ಹಂಚುತ್ತಿದ್ದೆ. ಅದರಲ್ಲಿ ಇರುತ್ತಿದ್ದದ್ದು ಬರೀ ನನ್ನ ಮಾತು. ಮಗುವಿನ ಕೈಬರಹವಿಲ್ಲ, ದನಿಯಿಲ್ಲ. ನನ್ನ ಕಣ್ಣಿಗೆ ಬಿದ್ದದ್ದನ್ನಷ್ಟೇ ಅವರು ಓದುತ್ತಿದ್ದರು. ಅದೂ ಕೊನೆಯ ಪ್ಯಾರಾದಲ್ಲಿರುವ 'ಪರಿಹಾರ'ವನ್ನು ಮೊದಲು.

ಹಾಗಾಗಿ ವೆಬ್‌ಪುಟ ಕಟ್ಟಲು ಬರುವ ಗೂಗಲ್ ಸೈಟ್ಸ್‌ನಲ್ಲಿ ಪ್ರಕರಣಗಳನ್ನು ಹಾಕತೊಡಗಿದೆ. ಒಂದೊಂದು ಪ್ರಕರಣಕ್ಕೂ ಮೂರು ಪುಟ. ಮೊದಲ ಪುಟ ನೋಡಿ ಗೂಗಲ್ ಫಾರ್ಮ್‌ನಲ್ಲಿ ಉತ್ತರ ಬರೆದು ಕಳಿಸಿದ ಮೇಲೆ ಬರುವ ಸಂದೇಶದಲ್ಲಿ ಎರಡನೇ ಪುಟದ ಲಿಂಕ್ ಇರುತ್ತದೆ. ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಕಾಗಲಿಲ್ಲ. ವಿಡಿಯೊಗಿಂತ ಎರಡು ನಿಮಿಷದ ಆಡಿಯೊ ಮತ್ತು ನೋಟ್‌ಬುಕ್ಕಿನ ಫೋಟೊ ಸಾಕು. ಹಳ್ಳಿಯ ನೆಟ್‌ವರ್ಕ್‌ನಲ್ಲೂ ತೆರೆದುಕೊಳ್ಳುತ್ತದೆ, ಕೈಬರಹವನ್ನು ದೊಡ್ಡದು ಮಾಡಿಯೂ ನೋಡಬಹುದು.

ನನಗೇ ಹೆಚ್ಚು ಕಲಿಸಿದ್ದು ದಶಮಾಂಶದ ಪ್ರಕರಣ. ಏಳನೇ ತರಗತಿಯ ಹುಡುಗ. 3.5 ಮತ್ತು 3.15, ಯಾವುದು ದೊಡ್ಡದು? 3.15 ಎಂದು ಬರೆದಿದ್ದ. ಹೆಚ್ಚುಕಡಿಮೆ ಎಲ್ಲ ಪ್ರಶಿಕ್ಷಣಾರ್ಥಿಗಳ ಉತ್ತರವೂ ಒಂದೇ: 'ಸ್ಥಾನಬೆಲೆ ಗೊತ್ತಿಲ್ಲ, ಮತ್ತೆ ಹೇಳಿಕೊಡಬೇಕು.' ಅದೇ ಪುಟದಲ್ಲಿ 2.4 ಮತ್ತು 2.7, 6.25 ಮತ್ತು 6.75 ಎಲ್ಲಕ್ಕೂ ಅವನು ಸರಿಯುತ್ತರ ಬರೆದಿದ್ದ. ಅದನ್ನು ಯಾರೂ ನೋಡಿರಲಿಲ್ಲ.

ಎರಡನೇ ಪುಟದ ಆಡಿಯೊದಲ್ಲಿ ಶಿಕ್ಷಕಿ ದುಡ್ಡಿನ ಉದಾಹರಣೆ ಕೊಡುತ್ತಾರೆ. ಹುಡುಗ ಸ್ವಲ್ಪವೂ ತಡವರಿಸದೆ, 'ಮೂರು ರೂಪಾಯಿ ಐದು ಪೈಸೆ, ಮೂರು ರೂಪಾಯಿ ಹದಿನೈದು ಪೈಸೆ' ಎನ್ನುತ್ತಾನೆ. ಅವನ ಲೆಕ್ಕದಲ್ಲಿ ಹದಿನೈದೇ ದೊಡ್ಡದು. ಸಹಾಯಕ್ಕೆಂದು ತಂದ ಉದಾಹರಣೆಯೇ ತಪ್ಪಿಗೆ ನೀರೆರೆದಿತ್ತು.

ಮೂರನೆಯದು ನೋಟ್‌ಬುಕ್ಕಿನ ಕೊನೆಯ ಪುಟ. ಪೆನ್ಸಿಲ್ಲಿನಲ್ಲಿ ಗೀಚಿದ ಕ್ರಿಕೆಟ್ ಸ್ಕೋರು: 7.4, 7.5, ಆಮೇಲೆ 8. ಫೋಟೊ ತೆಗೆಯುವಾಗ ಅದನ್ನು ಬೇಡದ ಗೀಚೆಂದು ಬಿಡುವುದರಲ್ಲಿದ್ದೆ. ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದು, "ಮೇಡಂ, ಇವನಿಗೆ ಚುಕ್ಕಿ ಅಂದ್ರೆ ಈ ಕಡೆ ಓವರು, ಆ ಕಡೆ ಬಾಲು. ಎರಡೂ ಬೇರೆ ಬೇರೆ ಸಂಖ್ಯೆ" ಎಂದಳು. ತರಗತಿ ಒಂದು ಕ್ಷಣ ಸುಮ್ಮನಾಯಿತು. 7.5 ಆದ ಮೇಲೆ ಒಂದೇ ಬಾಲಿಗೆ 8 ಆಗುವ ಲೋಕದಲ್ಲಿ ಅವನ ನಿಯಮ ಸರಿಯಾಗಿಯೇ ಇತ್ತು.

ಆಮೇಲಿನ ಚರ್ಚೆಯನ್ನು ನಾನು ನಡೆಸಲಿಲ್ಲ, ಅವರೇ ನಡೆಸಿದರು. ಮನೆಯಲ್ಲಿ ಹಸು ಕಟ್ಟಿರುವ ಒಬ್ಬ, ಡೈರಿ ಚೀಟಿಯಲ್ಲಿರುವ ಹಾಲಿನ ಫ್ಯಾಟ್ ಅಂಕಿ ತೋರಿಸೋಣ ಎಂದ. ಪಕ್ಕದವಳು ತಡೆದಳು: ಚೀಟಿಯಲ್ಲಿ ಇರುವುದು 3.9, 4.1, ಚುಕ್ಕಿಯ ನಂತರ ಒಂದೇ ಅಂಕಿ. ಅಲ್ಲಿ ಹುಡುಗನ ನಿಯಮ ಎಂದೂ ಸೋಲುವುದಿಲ್ಲ. ಕೊನೆಗೆ ಟೇಪು ತಂದು ಕಾರಿಡಾರಿನ ನೆಲದ ಮೇಲೆ 3.5 ಮೀಟರು, 3.15 ಮೀಟರು ಅಳೆದು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರು. ನಡುವೆ 35 ಸೆಂಟಿಮೀಟರು ವ್ಯತ್ಯಾಸ. ಅದನ್ನು ಗೇಣು ಹಾಕಿ ನೋಡಿದವರೂ ಇದ್ದರು.

ಅವತ್ತಿನಿಂದ ಫಾರ್ಮಿನ ಮೊದಲ ಪ್ರಶ್ನೆ ಬದಲಾಯಿಸಿದೆ. 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಎಂದು ಕೇಳಿದರೆ ಬರುವುದು ಬರೀ ಉಪದೇಶ. ಈಗ 'ಮಗು ಏನು ಬರೆದಿದೆ? ಸರಿಯಿರುವುದನ್ನೂ ಸೇರಿಸಿ ಇದ್ದ ಹಾಗೇ ಬರೆಯಿರಿ' ಎಂದಷ್ಟೇ ಕೇಳುತ್ತೇನೆ.

ನನ್ನಿಂದಾದ ಒಂದು ತಪ್ಪನ್ನೂ ಹೇಳಲೇಬೇಕು. ಒಂದು ಫೋಟೊದ ಮೂಲೆಯಲ್ಲಿ ಮಗುವಿನ ಹೆಸರು, ಶಾಲೆಯ ಹೆಸರು ಹಾಗೇ ಕಾಣುತ್ತಿತ್ತು. ಎರಡು ದಿನ ಕಳೆದ ಮೇಲೆ ಆ ಶಾಲೆಯ ಎಚ್‌ಎಂ ಫೋನ್ ಮಾಡಿದಾಗ ಎದೆ ಧಸಕ್ಕೆಂದಿತು. ಕೂಡಲೇ ಪುಟ ತೆಗೆದುಹಾಕಿ, ಊರಿಗೆ ಹೋಗಿ ತಂದೆತಾಯಿಯ ಕ್ಷಮೆ ಕೇಳಿದೆ. ನಂಬಿ ನೋಟ್‌ಬುಕ್ ಕೊಟ್ಟಿದ್ದವರು ಅವರು. ಈಗ ಲೇಬಲ್ ಮುಚ್ಚಿಯೇ ಫೋಟೊ ತೆಗೆಯುತ್ತೇನೆ, ಮುಖ ತೋರಿಸುವುದಿಲ್ಲ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು, ಮನೆಯವರಿಗೆ ಓದಿ ಹೇಳಿ, ಆಮೇಲೆ ಸಹಿ ಪಡೆಯುತ್ತೇನೆ.

ಈಗ ನನ್ನ ಸಹೋದ್ಯೋಗಿ, ಕನ್ನಡ ಬೋಧನೆಯ ಮೇಡಂ ಜೊತೆ ಇನ್ನೊಂದು ಪ್ರಕರಣವನ್ನು ಕಟ್ಟುತ್ತಿದ್ದೇನೆ. ಮೂರನೇ ತರಗತಿಯ ಹುಡುಗಿ ಉಕ್ತಲೇಖನದಲ್ಲಿ 'ಹಾಲು' ಎನ್ನುವಲ್ಲಿ 'ಆಲು' ಎಂದು ಬರೆದಿದ್ದಾಳೆ, 'ಹಸು' ಎನ್ನುವಲ್ಲಿ 'ಅಸು'. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಆಡುವುದೇ ಹಾಗೆ. 'ಹಬ್ಬ' ಮಾತ್ರ ಸರಿಯಾಗಿ ಬರೆದಿದ್ದಾಳೆ. ಮೊದಲ ಪುಟ ಸಿದ್ಧವಾಗಿದೆ. ಅವಳ ಅಜ್ಜಿ ಮಾತಾಡುವ ಆಡಿಯೊ ಎರಡನೇ ಪುಟಕ್ಕೆ ಬೇಕು. ಕಬ್ಬಿನ ಕಟಾವು ಮುಗಿದ ಮೇಲೆ ಬನ್ನಿ ಎಂದಿದ್ದಾರೆ.