ಜರ್ಮನಿಗೆ ಹೊರಟ ನಮ್ಮೂರಿನವರಿಗೆ: ಅಲ್ಲಿನ ಕರೆಂಟು, ಅಲ್ಲಿನ ತಂತಿ

ಮಳವಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಗದ್ದೆ ವಿ.ಸಿ. ನಾಲೆಯ ಕೊನೇ ಭಾಗದ್ದು. ಕನ್ನಂಬಾಡಿ ತುಂಬಿದ ವರ್ಷವೂ ನಮ್ಮ ತೂಬಿಗೆ ನೀರು ಮುಟ್ಟುವ ಹೊತ್ತಿಗೆ ಮೇಲಿನವರ ನಾಟಿ ಮುಗಿದಿರುತ್ತದೆ. ಕಟ್ಟೆಯಲ್ಲಿ ನೀರುಂಟು, ಗದ್ದೆಯಲ್ಲಿಲ್ಲ. ಜರ್ಮನಿಯ ಕರೆಂಟಿನ ವ್ಯವಸ್ಥೆ ನನ್ನ ತಲೆಗೆ ಹತ್ತಿದ್ದು ಈ ನಾಲೆಯನ್ನು ನೆನೆದಾಗ. ಹನ್ನೊಂದು ವರ್ಷ ಸ್ಟುಟ್‌ಗಾರ್ಟ್ ಹತ್ತಿರ ಇದ್ದು ಈಗ ಮಂಡ್ಯಕ್ಕೆ ವಾಪಸ್ ಬಂದಿದ್ದೇನೆ. ನಮ್ಮ ಬೀದಿಯಿಂದಲೇ ಈ ವರ್ಷ ಇಬ್ಬರು ಹೊರಟಿದ್ದಾರೆ, ಹುಡುಗ ಓದಲು, ಹುಡುಗಿ ಕೆಲಸಕ್ಕೆ. ಹುಡುಗನಿಗೆ ಹಾಸ್ಟೆಲ್ಲು, ಬಾಡಿಗೆಯಲ್ಲೇ ಕರೆಂಟು ಸೇರಿದೆ, ಅವನಿಗೆ ಚಿಂತೆಯಿಲ್ಲ. ಹುಡುಗಿ ಹೈಲ್‌ಬ್ರಾನ್ ಊರಿನಲ್ಲಿ ಮನೆ ಹಿಡಿದಿದ್ದಾಳೆ. ಅವಳಿಗೆ ಜಗಲಿಯ ಮೇಲೆ ಕೂತು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ತಂತಿ ಒಬ್ಬರದು, ಕರೆಂಟು ಇನ್ನೊಬ್ಬರದು

ನಮ್ಮಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಅಷ್ಟಕ್ಕೂ ಸೆಸ್ಕ್ ಎಂಬ ಕರೆಂಟು ಕಂಪನಿ ಒಂದೇ. ಟ್ರಾನ್ಸ್‌ಫಾರ್ಮರ್ ಸುಟ್ಟರೂ ಅವರಿಗೇ ಫೋನು, ಬಿಲ್ಲು ಜಾಸ್ತಿ ಬಂದರೂ ಅವರಿಗೇ ಫೋನು. ಜರ್ಮನಿಯಲ್ಲಿ ಹಾಗಲ್ಲ. ನಿಮ್ಮ ಬೀದಿಯ ತಂತಿ ನೋಡಿಕೊಳ್ಳುವವರನ್ನು ನೆಟ್ಸ್‌ಬೆಟ್ರೈಬರ್ ಅನ್ನುತ್ತಾರೆ. ಒಂದೊಂದು ಸೀಮೆಗೆ ಒಬ್ಬರಂತೆ ಇಂಥವರು ದೇಶದಲ್ಲಿ 800ಕ್ಕೂ ಹೆಚ್ಚು ಇದ್ದಾರೆ. ಇವರನ್ನು ನೀವು ಆರಿಸಿಕೊಳ್ಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಕರೆಂಟು ಮಾರುವ ಕಂಪನಿ ಬೇರೆ. ಅದನ್ನು ಆರಿಸುವುದು ನಿಮ್ಮ ಕೈಯಲ್ಲಿದೆ. ಇವರೆಲ್ಲರ ಮೇಲೆ ದೊಡ್ಡ ಹೈಟೆನ್ಷನ್ ಲೈನು ನಡೆಸುವ ನಾಲ್ಕೇ ಕಂಪನಿಗಳಿವೆ: ಟೆನೆಟ್, 50 ಹೆರ್ಟ್ಸ್, ಆಂಪ್ರಿಯಾನ್, ಟ್ರಾನ್ಸ್‌ನೆಟ್‌ಬಿಡಬ್ಲ್ಯು. ನಮ್ಮ ಕೆ.ಪಿ.ಟಿ.ಸಿ.ಎಲ್. ಮಾಡುವ ಕೆಲಸವನ್ನು ಅಲ್ಲಿ ಈ ನಾಲ್ವರು ಸೀಮೆ ಹಂಚಿಕೊಂಡು ಮಾಡುತ್ತಾರೆ. ಎಲ್ಲರ ಮೇಲೂ ಕಣ್ಣಿಡುವ ಸರ್ಕಾರಿ ಸಂಸ್ಥೆ ಬಾನ್ ನಗರದ ಬುಂಡೆಸ್‌ನೆಟ್ಸ್‌ಆಗೆಂಟೂರ್.

ಹೊಸ ಮನೆಗೆ ಹೋದ ದಿನ ಸ್ವಿಚ್ಚು ಹಾಕಿದರೆ ದೀಪ ಹತ್ತುತ್ತದೆ. ಯಾರ ಜೊತೆಯೂ ಕರಾರು ಆಗಿಲ್ಲದಿದ್ದರೂ ಹತ್ತುತ್ತದೆ. ಅದು ಪುಕ್ಕಟೆಯಲ್ಲ. ಆ ಊರಿನ ಮೂಲ ಪೂರೈಕೆದಾರ ಕಂಪನಿಗೆ ನೀವು ತಾನಾಗೇ ಗಿರಾಕಿಯಾದಿರಿ ಅಂತ ಅರ್ಥ. ಇದಕ್ಕೆ ಗ್ರುಂಡ್‌ಫೆರ್ಜೋರ್ಗುಂಗ್ ಎಂದು ಹೆಸರು, ದರ ಸಾಮಾನ್ಯವಾಗಿ ದುಬಾರಿ. ಎರಡು ವಾರ ಮೊದಲು ತಿಳಿಸಿ ಬಿಡಬಹುದು. ಮೊದಲೆಲ್ಲ ಮನೆಗೆ ಹೋಗಿ ಕೆಲವು ವಾರದ ಮೇಲೆ ಬೇರೆ ಕಂಪನಿ ಹಿಡಿದು, ಹೋದ ದಿನದಿಂದಲೇ ಲೆಕ್ಕ ಹಾಕಿಸಿಕೊಳ್ಳಬಹುದಿತ್ತು. 2025ರ ಜೂನ್‌ನಿಂದ ಅದು ನಿಂತಿದೆ. ಆದ್ದರಿಂದ ಮನೆ ಸೇರುವ ಮೊದಲೇ ಕರಾರು ಮಾಡಿಕೊಳ್ಳಿ.

ದರ ಯೂನಿಟ್ಟಿಗೆ ಸುಮಾರು 40 ಸೆಂಟ್, ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 40 ರೂಪಾಯಿ. ಗೃಹಜ್ಯೋತಿಯ 200 ಯೂನಿಟ್ಟಿಗೆ ಒಗ್ಗಿದವರು ಇದನ್ನು ಎರಡು ಸಲ ಓದಬೇಕು. ವರ್ಷಕ್ಕೆ 3000 ಯೂನಿಟ್ ಸುಡುವ ಸಂಸಾರಕ್ಕೆ 1200 ಯೂರೋ ಆಯಿತು. ತಿಂಗಳು ತಿಂಗಳು ಮೀಟರ್ ನೋಡಿ ಬಿಲ್ ಕೊಡುವುದಿಲ್ಲ. ಅಂದಾಜಿನ ಮೇಲೆ ಆಬ್‌ಶ್ಲಾಗ್ ಅಂತ ಒಂದು ಕಂತು ಕಟ್ಟಿಸಿಕೊಂಡು ವರ್ಷದ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಾರೆ. ನಮ್ಮ ಮೊದಲ ಮನೆಯಲ್ಲಿ ಸ್ನಾನದ ನೀರು ಕಾಯುತ್ತಿದ್ದದ್ದು ಕರೆಂಟಿನಲ್ಲಿ. ನಲ್ಲಿ ತಿರುಗಿಸಿದ ಕ್ಷಣಕ್ಕೇ ನೀರು ಬಿಸಿಮಾಡುವ ಆ ಪೆಟ್ಟಿಗೆ 21 ಕಿಲೋವ್ಯಾಟ್ ಎಳೆಯುತ್ತದೆಂದು ನನಗೆ ತಿಳಿದಿರಲಿಲ್ಲ. ಕಂಪನಿಯವರು ಕೇಳಲಿಲ್ಲ, ನಾನು ಹೇಳಲಿಲ್ಲ, ಕಂತು ಸಣ್ಣದಾಗಿ ನಿಗದಿಯಾಯಿತು. ವರ್ಷಾಂತ್ಯಕ್ಕೆ 540 ಯೂರೋ ಬಾಕಿ ಕಟ್ಟಿ ಅಂತ ಕಾಗದ ಬಂತು. ಮಗಳು ಹುಟ್ಟಿ ಮೂರು ವಾರವಾಗಿತ್ತು. ಊರಿಗೆ ಕಳಿಸಬೇಕಿದ್ದ ದುಡ್ಡು ಅದಕ್ಕೇ ಹೋಯಿತು. ಮನೆ ನೋಡಲು ಹೋದಾಗ ಬಾಡಿಗೆ ಎಷ್ಟು ಅನ್ನುವುದರ ಜೊತೆಗೆ ನೀರು ಯಾವುದರಲ್ಲಿ ಕಾಯುತ್ತದೆ ಎಂದೂ ಕೇಳಿ.

ಉತ್ತರದಲ್ಲಿ ಗಾಳಿ, ದಕ್ಷಿಣದಲ್ಲಿ ಕಾರ್ಖಾನೆ

ಬಿಲ್ಲಿನ ಸುಮಾರು ಕಾಲು ಭಾಗ ತಂತಿಯ ಬಾಡಿಗೆ, ನೆಟ್ಸ್‌ಎಂಟ್‌ಗೆಲ್ಟ್. ಅದು ಯಾಕೆ ಅಷ್ಟು ಅನ್ನುವುದರಲ್ಲೇ ಇಡೀ ದೇಶದ ಕತೆಯಿದೆ.

ಜರ್ಮನಿಯಲ್ಲಿ 2024ರ ಹೊತ್ತಿಗೇ ಬಳಕೆಯ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ, ಬಿಸಿಲು, ನೀರು, ಜೈವಿಕ ಅನಿಲದಿಂದ ಬಂತು. 2030ಕ್ಕೆ 80 ಶೇಕಡಾ ಆಗಬೇಕೆಂದು ಕಾನೂನಿನಲ್ಲೇ ಬರೆದಿದ್ದಾರೆ. 2023ರ ಏಪ್ರಿಲ್ 15ರಂದು ಕೊನೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿದರು. ಅದರಲ್ಲಿ ಎರಡು ದಕ್ಷಿಣದವು. ಕಲ್ಲಿದ್ದಲಿಗೆ 2038 ಕೊನೆಯ ಗಡುವು. ಗಾಳಿ ಚೆನ್ನಾಗಿ ಬೀಸುವುದು ಉತ್ತರದ ಸಮುದ್ರ ದಂಡೆಯಲ್ಲಿ. ಕರೆಂಟು ನುಂಗುವ ಕಾರು ಕಾರ್ಖಾನೆಗಳಿರುವುದು ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆ, ಅಂದರೆ ನಮ್ಮವರು ಹೆಚ್ಚಾಗಿ ಹೋಗಿ ಸೇರುವ ದಕ್ಷಿಣದಲ್ಲಿ. ಕಟ್ಟೆ ಅಲ್ಲಿ, ಗದ್ದೆ ಇಲ್ಲಿ, ನಡುವಿನ ನಾಲೆ ಕಿರಿದು.

ಬಿರುಗಾಳಿಯ ದಿನ ಉತ್ತರದ ಲೈನು ತುಂಬಿಹೋಗುತ್ತದೆ. ಆಗ ಲೈನು ನಡೆಸುವವರು ಉತ್ತರದ ಗಾಳಿಯಂತ್ರಗಳಿಗೆ ನಿಲ್ಲಿ ಅನ್ನುತ್ತಾರೆ, ನಿಂತದ್ದಕ್ಕೆ ಪರಿಹಾರ ಕೊಡುತ್ತಾರೆ. ಅದೇ ಹೊತ್ತಿಗೆ ದಕ್ಷಿಣದಲ್ಲಿ ಗ್ಯಾಸು, ಕಲ್ಲಿದ್ದಲಿನ ಸ್ಥಾವರಕ್ಕೆ ಉರಿಸಿ ಅನ್ನುತ್ತಾರೆ, ಉರಿಸಿದ್ದಕ್ಕೂ ದುಡ್ಡು ಕೊಡುತ್ತಾರೆ. ಇದನ್ನು ರೀಡಿಸ್ಪ್ಯಾಚ್ ಅನ್ನುತ್ತಾರೆ. ಲೈನಿನ ಇಕ್ಕಟ್ಟು ಸಂಭಾಳಿಸುವ ಈ ಕೆಲಸಕ್ಕೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಯೂರೋ ಹೋಗುತ್ತಿದೆ. ಅದು ಸೇರುವುದು ನಿಮ್ಮ ತಂತಿಯ ಬಾಡಿಗೆಗೆ.

ಇದಕ್ಕೆ ಮದ್ದಾಗಿ ತೋಡುತ್ತಿರುವ ದೊಡ್ಡ ನಾಲೆಯ ಹೆಸರು ಸ್ಯೂಡ್‌ಲಿಂಕ್. ಉತ್ತರದ ಷ್ಲೆಸ್ವಿಗ್-ಹೋಲ್‌ಸ್ಟೈನ್‌ನಿಂದ ಸುಮಾರು 700 ಕಿ.ಮೀ. ದಕ್ಷಿಣಕ್ಕೆ, ನೆಲದಡಿಯ ಏಕಮುಖ ಕರೆಂಟಿನ (ಡಿ.ಸಿ.) ಕೇಬಲ್ಲು, 4000 ಮೆಗಾವ್ಯಾಟ್. ನಮ್ಮ ಪಾವಗಡದ ಸೋಲಾರ್ ಪಾರ್ಕು 2050 ಮೆಗಾವ್ಯಾಟ್. ಹತ್ತಿರಹತ್ತಿರ ಅಂಥ ಎರಡು ಪಾರ್ಕಿನ ಕರೆಂಟು ಒಂದೇ ಹಾದಿಯಲ್ಲಿ ಹೋದ ಹಾಗೆ. ಅದರ ಒಂದು ತುದಿ ನಮ್ಮ ಹುಡುಗಿ ಹೋಗುತ್ತಿರುವ ಹೈಲ್‌ಬ್ರಾನ್ ಪಕ್ಕದ ಲೈನ್‌ಗಾರ್ಟನ್‌ನಲ್ಲಿದೆ. 2022ಕ್ಕೆ ಮುಗಿಯಬೇಕಿತ್ತು. ಬವೇರಿಯಾದ ಜನ ಎತ್ತರದ ಟವರುಗಳು ಬೇಡ ಎಂದು ಎದ್ದು ನಿಂತರು. 2015ರಲ್ಲಿ ಇಂಥ ಲೈನುಗಳನ್ನು ನೆಲದಡಿ ಹೂಳುವುದೇ ಮೊದಲು ಎಂದು ಕಾನೂನು ಬದಲಾಯಿತು, ಯೋಜನೆಯನ್ನು ಮತ್ತೆ ಮೊದಲಿನಿಂದ ಹಾಕಬೇಕಾಯಿತು. ಈಗ ಹೇಳುತ್ತಿರುವುದು 2028ರ ಕೊನೆ. ಕಬ್ಬಿನ ಗದ್ದೆಯ ಮೇಲೆ ಹೈಟೆನ್ಷನ್ ಲೈನು ಹಾದುಹೋದ ಮನೆಯವನಾಗಿ ಆ ಹಳ್ಳಿಗಳವರ ಸಂಕಟ ನನಗೆ ಗೊತ್ತು. ಆದರೂ ಆ ಆರು ವರ್ಷದ ಖರ್ಚು ಲೈನಿನಿಂದ ದೂರ ಇರುವ ಬಡ ಬಾಡಿಗೆದಾರರ ಬಿಲ್ಲಿನಲ್ಲೂ ಬಂತು. ಅದು ನನಗೆ ಸರಿ ಕಾಣಲಿಲ್ಲ.

ಲೈನು ಎಲ್ಲಿ ಬೇಕು ಅನ್ನುವುದನ್ನು ಅಲ್ಲಿ ತೀರ್ಮಾನಿಸುವ ಕ್ರಮ ನನಗೆ ಬಹಳ ಹಿಡಿಸಿತು. ನಾಲ್ಕು ಕಂಪನಿಗಳು ಸೇರಿ ಎರಡು ವರ್ಷಕ್ಕೊಮ್ಮೆ ಮುಂದಿನ ದಶಕಗಳ ನಕ್ಷೆ ಮಾಡುತ್ತವೆ. ಈಚಿನ ನಕ್ಷೆಗಳು 2037 ಮತ್ತು 2045ರ ಬೇಡಿಕೆ ಇಟ್ಟುಕೊಂಡು ಮಾಡಿದವು, ಏಕೆಂದರೆ 2045ಕ್ಕೆ ಇಂಗಾಲದ ಲೆಕ್ಕ ಸೊನ್ನೆಗೆ ತರುವುದಾಗಿ ದೇಶ ಮಾತು ಕೊಟ್ಟಿದೆ. ಕರಡನ್ನು ಎಲ್ಲರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ, ಬಾನ್ ನಗರದ ಆ ಸರ್ಕಾರಿ ಸಂಸ್ಥೆಯವರು ಪರಿಶೀಲಿಸಿ ಒಪ್ಪುತ್ತಾರೆ, ಆಮೇಲೆ ಬೇಕಾದ ಲೈನುಗಳ ಪಟ್ಟಿ ಸಂಸತ್ತಿನಲ್ಲಿ ಕಾನೂನಾಗುತ್ತದೆ. ನಿಮ್ಮ ಊರಿನ ಮೇಲೆ ಹಾದುಹೋಗುವ ಲೈನಿದ್ದರೆ ಆ ಕಾಗದಗಳನ್ನು ತೆಗೆದು ಓದಿ, ಬರೆದು ಕಳಿಸಿ.

ಹೀಗೆ ದೂರದಲ್ಲಿ ಹುಟ್ಟಿದ ಕರೆಂಟನ್ನು ದೂರಕ್ಕೆ ಸಾಗಿಸುವುದು ಮಳವಳ್ಳಿಯವರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 150 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಲೋಕದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ನಿಮ್ಮ ಮನೆಯೂ ಈ ನಕ್ಷೆಯಲ್ಲಿದೆ

ಕರೆಂಟು ಹೋಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಒಬ್ಬ ಗಿರಾಕಿಗೆ ವರ್ಷಕ್ಕೆ ಸರಾಸರಿ 12 ನಿಮಿಷದ ಆಸುಪಾಸು, ಅಷ್ಟೇ. ಇಕ್ಕಟ್ಟು ಬೇರೆ ರೂಪದಲ್ಲಿ ಮನೆಗೆ ಬರುತ್ತದೆ.

ಕಾರು ಚಾರ್ಜು ಮಾಡುವ ವಾಲ್‌ಬಾಕ್ಸ್, ಮನೆ ಬೆಚ್ಚಗಿಡುವ ಹೀಟ್ ಪಂಪು, ಏಸಿ, ಮನೆಯ ಬ್ಯಾಟರಿ: ಇವುಗಳಲ್ಲಿ 4.2 ಕಿಲೋವ್ಯಾಟ್ ಮೀರಿದ್ದನ್ನು 2024ರ ಜನವರಿಯಿಂದ ಈಚೆಗೆ ಹಾಕಿಸಿದರೆ, ಬೀದಿಯ ತಂತಿ ಬಿಸಿಯೇರಿದಾಗ ನೆಟ್ಸ್‌ಬೆಟ್ರೈಬರ್ ಅದರ ಎಳೆತವನ್ನು 4.2 ಕಿಲೋವ್ಯಾಟ್‌ಗೆ ತಗ್ಗಿಸಬಹುದು. ನಮ್ಮ ನೀರುಗಂಟಿ ಕಟ್ಟು ನೀರಿನ ಕಾಲದಲ್ಲಿ ತೂಬನ್ನು ಅರ್ಧ ಇಳಿಸಿದ ಹಾಗೆ. ಪೂರ್ತಿ ಮುಚ್ಚುವ ಹಾಗಿಲ್ಲ, ಒಲೆ, ದೀಪ, ಫ್ರಿಜ್ಜನ್ನು ಮುಟ್ಟುವ ಹಾಗೂ ಇಲ್ಲ. ಎರಡು ಗಂಟೆ ತಗ್ಗಿಸಿದರೂ ಕಾರಿಗೆ ಎಂಟು ಯೂನಿಟ್ ಬಿದ್ದಿರುತ್ತದೆ, ನಲವತ್ತು ಕಿ.ಮೀ. ಓಡಲು ಸಾಕು. ಬದಲಿಗೆ ನಿಮಗೆ ಎರಡು ಲಾಭ. ತಂತಿಯಲ್ಲಿ ಜಾಗವಿಲ್ಲ ಎಂದು ನಿಮ್ಮ ಯಂತ್ರಕ್ಕೆ ಸಂಪರ್ಕ ಇಲ್ಲವೆನ್ನುವಂತಿಲ್ಲ, ತಂತಿಯ ಬಾಡಿಗೆಯಲ್ಲಿ ಊರಿನ ಮೇಲೆ ವರ್ಷಕ್ಕೆ 110ರಿಂದ 190 ಯೂರೋ ಕಡಿತ. ಇದು ನ್ಯಾಯವಾದ ಒಪ್ಪಂದ ಅಂತ ನನ್ನ ಅಭಿಪ್ರಾಯ. ಕಡಿತವನ್ನು ಬಿಲ್ಲಿನಲ್ಲಿ ಹುಡುಕಿ, ಕಾಣದಿದ್ದರೆ ಕೇಳಿ.

ಬಾಡಿಗೆ ಮನೆಯವರಿಗೆ ಬಾಲ್ಕನಿ ಸೋಲಾರ್ ಇದೆ. 2000 ವ್ಯಾಟ್‌ವರೆಗೆ ಫಲಕ, 800ರವರೆಗೆ ಇನ್ವರ್ಟರು. ಹಾಕಿದ ಒಂದು ತಿಂಗಳೊಳಗೆ ಮಾರ್ಕ್ಟ್‌ಷ್ಟಾಮ್‌ಡಾಟೆನ್‌ರೆಗಿಸ್ಟರ್ ಎಂಬ ಸರ್ಕಾರಿ ದಾಖಲೆಯಲ್ಲಿ ಆನ್‌ಲೈನ್ ನೋಂದಾಯಿಸಿದರೆ ಮುಗಿಯಿತು. ಮನೆ ಮಾಲೀಕರ ಒಪ್ಪಿಗೆ ಕೇಳಲೇಬೇಕು, ಆದರೆ 2024ರ ಅಕ್ಟೋಬರ್‌ನಿಂದ ಅವರು ತಕ್ಕ ಕಾರಣವಿಲ್ಲದೆ ಬೇಡ ಎನ್ನುವ ಹಾಗಿಲ್ಲ. ಸ್ವಂತ ಮನೆ ಮಾಡಿ ಛಾವಣಿಗೆ ಹಾಕಿಸುವವರು ಇನ್ನೊಂದು ತಿಳಿದಿರಬೇಕು. ಸಣ್ಣ ಛಾವಣಿಯಿಂದ ಮಾರಿದ ಕರೆಂಟಿಗೆ ಸಿಗುವುದು ಯೂನಿಟ್ಟಿಗೆ 8 ಸೆಂಟಿಗೂ ಕಡಿಮೆ, ಕೊಳ್ಳುವುದು 40ಕ್ಕೆ. ಹಗಲಲ್ಲಿ ಬಿಸಿಲಿನ ಕರೆಂಟು ತುಂಬಿ ತುಳುಕಿ ಮಾರುಕಟ್ಟೆಯ ದರ ಸೊನ್ನೆಗಿಂತ ಕೆಳಗಿಳಿದ ಗಂಟೆಗಳು 2024ರಲ್ಲಿ 457 ಇದ್ದವು. ಅದಕ್ಕೇ 2025ರ ಫೆಬ್ರವರಿ ಕೊನೆಯಿಂದ ಹಾಕಿಸಿದ ಹೊಸ ಛಾವಣಿಗಳಿಗೆ, ಸ್ಮಾರ್ಟ್ ಮೀಟರು ಕೂತ ಮೇಲೆ, ಅಂಥ ಗಂಟೆಗಳಲ್ಲಿ ಹಣವಿಲ್ಲ. ಮೀಟರು ಕೂರುವ ತನಕ ಫಲಕದ ಶಕ್ತಿಯ 60 ಶೇಕಡಾದಷ್ಟೇ ಹೊರಗೆ ಬಿಡಬಹುದು. ಮಾರುವ ಆಸೆಗೆ ಹಾಕಿಸಬೇಡಿ, ಬಟ್ಟೆ ಒಗೆಯುವುದು, ಕಾರು ಚಾರ್ಜು ಮಾಡುವುದು ಹಗಲಿಗೆ ತಂದುಕೊಳ್ಳಲು ಹಾಕಿಸಿ.

ಗಂಟೆಗೊಂದು ದರದ ಕರಾರನ್ನೂ 2025ರಿಂದ ಎಲ್ಲ ಕಂಪನಿಗಳು ಕೊಡಬೇಕು. ಕಾರಿರುವವರಿಗೆ ಒಳ್ಳೆಯದು. ಆದರೆ ಚಳಿಗಾಲದಲ್ಲಿ ಗಾಳಿಯೂ ಬಿಸಿಲೂ ಎರಡೂ ಕೈಕೊಡುವ ದಿನಗಳಿವೆ, ಡುಂಕೆಲ್‌ಫ್ಲೌಟೆ ಅನ್ನುತ್ತಾರೆ. 2024ರ ಡಿಸೆಂಬರ್ 12ರ ಸಂಜೆ ಸಗಟು ದರವೇ ಯೂನಿಟ್ಟಿಗೆ 90 ಸೆಂಟ್ ದಾಟಿತ್ತು. ಪುಟ್ಟ ಮಕ್ಕಳಿರುವ, ಹೀಟ್ ಪಂಪು ಇರುವ ಮನೆಗೆ ಮೊದಲ ವರ್ಷ ನಿಶ್ಚಿತ ದರದ ಕರಾರೇ ಇರಲಿ.

ಹೈಲ್‌ಬ್ರಾನ್‌ಗೆ ಹೊರಟ ಹುಡುಗಿಗೆ ನಾನು ಕೊಟ್ಟ ಚೀಟಿಯಲ್ಲಿ ಎರಡೇ ಸಾಲಿದ್ದವು. ಕೀಲಿ ಕೈಗೆ ಬಂದ ದಿನ ಮೀಟರಿನ ನಂಬರು, ಅಂಕಿ ಎರಡೂ ಕಾಣುವಂತೆ ಫೋಟೋ ತೆಗೆದು, ಹಸ್ತಾಂತರದ ಕಾಗದದಲ್ಲೂ ಬರೆಸು. ಅದಕ್ಕೂ ಮೊದಲು, ಮಂಡ್ಯದಲ್ಲಿರುವಾಗಲೇ, ಮನೆಯ ಕರೆಂಟು ಸಂಪರ್ಕದ ಗುರುತಾದ 11 ಅಂಕಿಯ ಮಾಲೋ ನಂಬರು ತರಿಸಿಕೋ. ಹಳೇ ಬಾಡಿಗೆದಾರರ ಬಿಲ್ಲಿನಲ್ಲಿ ಇರುತ್ತದೆ, ಹೊಸ ಕಂಪನಿ ಕೇಳುವುದು ಅದನ್ನೇ. ಮೊನ್ನೆ ಸಂಜೆ ಓಡಿಬಂದು ಫೋನು ತೋರಿಸಿದಳು, ಮಾಲೀಕರಿಂದ ನಂಬರು ಬಂದಿತ್ತು. ಇಬ್ಬರೂ ಕೂತು ಕರಾರು ತುಂಬಿ ಕಳಿಸಿದೆವು.