ಕೋಲುಜೇನಿನ ಎರಿಯನ್ನು ಮುಟ್ಟದೆ ಓದುವುದು ಹೇಗೆ?

ತುಡುವೆ ಜೇನಿನ ಸಂಸಾರವನ್ನು ನೋಡಬೇಕೆಂದರೆ ಪೆಟ್ಟಿಗೆಯ ಮುಚ್ಚಳ ತೆಗೆದು ಚೌಕಟ್ಟನ್ನು ಎತ್ತಬೇಕು; ಮಿಸ್ರಿ ಜೇನಿನದನ್ನು ನೋಡಬೇಕೆಂದರೆ ಗೋಡೆಯ ಸಂದನ್ನೋ ಮರದ ಪೊಟರೆಯನ್ನೋ ಒಡೆಯಬೇಕು; ಹೆಜ್ಜೇನಿನ ಹತ್ತಿರಕ್ಕಂತೂ ಸುಮ್ಮನೆ ಹೋಗುವ ಹಾಗಿಲ್ಲ. ಕೋಲುಜೇನು ಮಾತ್ರ ತನ್ನ ಬದುಕನ್ನೆಲ್ಲ ನಮ್ಮ ಕಣ್ಣಳತೆಯ ಎತ್ತರದಲ್ಲಿ, ಬೇಲಿಯ ಒಂದು ಕಡ್ಡಿಯ ಮೇಲೆ, ಬಯಲಿನಲ್ಲಿಯೇ ನಡೆಸುತ್ತದೆ. ಆದರೂ ನಮ್ಮ ಕಡೆ ಅದನ್ನು ಕಂಡವರಿಗೆ ಮೊದಲು ನೆನಪಾಗುವುದು ಜೇನುತುಪ್ಪ, ಇಲ್ಲವೇ ಬೇಲಿ ಸವರುವ ಕತ್ತಿ. ಒಂದು ತಿಂಗಳು ಅದನ್ನು ಹಾಗೆಯೇ ಬಿಟ್ಟು ನೋಡಿದರೆ ಜೇನುಶಾಸ್ತ್ರದ ಬಹುಪಾಲು ವಿಷಯವನ್ನು ಹಿತ್ತಿಲಿನಲ್ಲಿಯೇ ಕಲಿಯಬಹುದು. ಹೇಗೆ ನೋಡಬೇಕು ಎಂಬುದನ್ನು ಹಂತ ಹಂತವಾಗಿ ಇಲ್ಲಿ ವಿವರಿಸಲಾಗಿದೆ.

ಎಲ್ಲಿ ಹುಡುಕಬೇಕು

ಕೋಲುಜೇನು ಮೂಲತಃ ಬಯಲಿನ, ಬೆಚ್ಚಗಿನ ಪ್ರದೇಶದ ಜೇನು. ಆದ್ದರಿಂದ ಆಗುಂಬೆಯ ದಟ್ಟ ಮಳೆಕಾಡಿನಲ್ಲಿ ಹುಡುಕುವುದಕ್ಕಿಂತ ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಸುತ್ತಿನ ಬೇಲಿಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ, ಮನೆಯ ಕೈತೋಟದಲ್ಲಿ ಹುಡುಕುವುದು ಸುಲಭ. ದಾಸವಾಳ, ನಿಂಬೆ, ಕರಿಬೇವು, ಲಂಟಾನದ ಪೊದೆಗಳ ಒಳಗೆ, ಸಾಮಾನ್ಯವಾಗಿ ನೆಲದಿಂದ ನಾಲ್ಕೈದು ಮೀಟರ್ ಒಳಗಿನ ಎತ್ತರದಲ್ಲಿ, ಎಲೆಗಳ ಮರೆಯಲ್ಲಿ ಅದು ಎರಿ, ಅಂದರೆ ಮೇಣದ ಕೋಣೆಗಳ ಹಲ್ಲೆ, ಕಟ್ಟುತ್ತದೆ. ಮಳೆಗಾಲ ಮುಗಿದು ದಸರೆ ಕಳೆದ ಮೇಲೆ ಹುಡುಕಲು ತೊಡಗುವುದು ಒಳ್ಳೆಯದು. ಕುಟುಂಬ ಕಾಣದಿದ್ದರೆ ತುಳಸಿ, ನುಗ್ಗೆ, ಕೊತ್ತಂಬರಿಯ ಹೂವಿನ ಬಳಿ ನಿಂತು, ಹೂವು ಬಿಟ್ಟ ಜೇನು ಯಾವ ಕಡೆಗೆ ನೆಟ್ಟಗೆ ಹಾರುತ್ತದೆ ಎಂದು ಗಮನಿಸುತ್ತ ಹೋದರೆ ಒಮ್ಮೊಮ್ಮೆ ಎರಿಯೇ ಎದುರಾಗುತ್ತದೆ.

ಗುರುತಿಸುವುದು ಕಷ್ಟವಲ್ಲ. ಕೆಲಸಗಾರ ಜೇನಿನ ಉದ್ದ 7ರಿಂದ 10 ಮಿಲಿಮೀಟರ್, ತುಡುವೆಗಿಂತ ಚಿಕ್ಕದು. ಹೊಟ್ಟೆಯ ಮೊದಲ ಎರಡು ಖಂಡಗಳು ಇಟ್ಟಿಗೆಯ ಕೆಂಪು, ಉಳಿದದ್ದು ಕಪ್ಪು, ಅದರ ಮೇಲೆ ಬಿಳಿ ಕೂದಲಿನ ಪಟ್ಟೆಗಳು. ತುಡುವೆ ಕತ್ತಲಿನಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುತ್ತದೆ. ಕೋಲುಜೇನಿಗೆ ಒಂದೇ ಎರಿ. ಹೆಜ್ಜೇನಿನದೂ ಒಂದೇ ಎರಿಯಾದರೂ ಅದು ಕೊಂಬೆಯ ಅಡಿಯಿಂದ ತೂಗುತ್ತದೆ, ಕೋಲುಜೇನಿನದು ಕಡ್ಡಿಯನ್ನು ಸುತ್ತಲೂ ಅಪ್ಪಿಕೊಂಡಿರುತ್ತದೆ. ವಿಜ್ಞಾನದಲ್ಲಿ ಇದರ ಹೆಸರು ಏಪಿಸ್ ಫ್ಲೋರಿಯಾ; ಡೆನ್ಮಾರ್ಕಿನ ಕೀಟತಜ್ಞ ಫೆಬ್ರಿಷಿಯಸ್ 1787ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟನು.

ಹೇಗೆ ನಿಲ್ಲಬೇಕು

ಎರಿಯಿಂದ ಒಂದೂವರೆ ಮೀಟರ್ ದೂರದಲ್ಲಿ, ಜೇನು ಹಾರಿಬರುವ ದಾರಿಗೆ ಅಡ್ಡವಾಗದಂತೆ, ಪಕ್ಕಕ್ಕೆ ನಿಲ್ಲಬೇಕು. ತಿಳಿಬಣ್ಣದ ಬಟ್ಟೆ ಇರಲಿ, ಅತ್ತರು ಬೇಡ. ಉಸಿರು ನೇರವಾಗಿ ಎರಿಯ ಮೇಲೆ ಬೀಳಬಾರದು. ಉಸಿರಿನ ಗಾಳಿಯನ್ನು ಜೇನುಗಳು ಶತ್ರು ಬಂದ ಸೂಚನೆಯೆಂದು ಗ್ರಹಿಸುತ್ತವೆ. ದುರ್ಬೀನು ಇದ್ದರೆ ಉತ್ತಮ, ಇಲ್ಲದಿದ್ದರೆ ಮೊಬೈಲಿನಲ್ಲಿ ಹಿಗ್ಗಿಸಿ ತೆಗೆದ ಚಿತ್ರವೂ ಸಾಕು.

ಕುಟುಂಬಕ್ಕೆ ಅಪಾಯ ಕಂಡರೆ ಮೊದಲು ಒಂದು ಜೇನು ಸಣ್ಣಗೆ ಪೀ ಎಂದು ಸದ್ದು ಮಾಡುತ್ತದೆ. ಅದನ್ನು ಹಿಂಬಾಲಿಸಿ ನೂರಾರು ಜೇನುಗಳು ಒಟ್ಟಿಗೆ ಬುಸ್ಸೆನ್ನುತ್ತವೆ. ಆ ಬುಸುಗುಡುವಿಕೆ ಮನುಷ್ಯರ ಕಿವಿಗೂ ಸ್ಪಷ್ಟವಾಗಿ ಕೇಳುತ್ತದೆ, ಅದು ಕೇಳಿದಾಗ ನಿಧಾನವಾಗಿ ಹಿಂದೆ ಸರಿಯಬೇಕು. ಕೋಲುಜೇನು ಸೌಮ್ಯ ಸ್ವಭಾವದ್ದು, ಕಚ್ಚಿದರೂ ನೋವು ಕಡಿಮೆ. ಆದರೆ ಜೇನು ಕಚ್ಚಿದಾಗ ಮೈಯೆಲ್ಲ ದದ್ದು ಏಳುವ, ಉಸಿರು ಕಟ್ಟುವ ತೊಂದರೆ ಇರುವವರು ಈ ಕೆಲಸಕ್ಕೆ ಇಳಿಯಬಾರದು.

ಮೊದಲು ಕಡ್ಡಿಯನ್ನು ನೋಡಿ

ಹೊಸಬರು ನೇರವಾಗಿ ಎರಿಯತ್ತ ನೋಡುತ್ತಾರೆ. ನನ್ನ ಸಲಹೆಯೆಂದರೆ, ಮೊದಲು ಎರಿಯ ಎಡಕ್ಕೂ ಬಲಕ್ಕೂ ಇರುವ ಕಡ್ಡಿಯನ್ನು ನೋಡಬೇಕು. ಎರಿಯ ಎರಡೂ ಬದಿಯಲ್ಲಿ, ಕಡ್ಡಿಯ ಸುತ್ತ, ಎರಡು ಮೂರು ಸೆಂಟಿಮೀಟರ್ ಅಗಲದ ಹೊಳೆಯುವ ಬಳೆಯೊಂದು ಕಾಣುತ್ತದೆ. ಅದು ಗಿಡಮರಗಳಿಂದ ತಂದ ಅಂಟು. ಬಯಲಿನಲ್ಲಿ ಬದುಕುವ ಈ ಪುಟ್ಟ ಜೇನಿಗೆ ಇರುವೆಯೇ ದೊಡ್ಡ ವೈರಿ, ಅದರಲ್ಲಿಯೂ ಎಲೆ ಹೊಲಿದು ಗೂಡು ಕಟ್ಟುವ, ನಾವು ಚಟ್ನಿ ಮಾಡುವ ಚಗಳಿ ಇರುವೆ. ಎರಿಗೆ ಬರಬೇಕಾದರೆ ಇರುವೆ ಕಡ್ಡಿಯ ಮೇಲೆಯೇ ನಡೆದು ಬರಬೇಕು. ಆ ದಾರಿಯನ್ನೇ ಕೋಲುಜೇನು ಅಂಟಿನಿಂದ ಮುಚ್ಚಿಬಿಡುತ್ತದೆ.

ಈ ಬಳೆಯ ಬಳಿ ಹತ್ತು ನಿಮಿಷ ಕಣ್ಣಿಟ್ಟರೆ ಸಾಕಷ್ಟು ಕಾಣಸಿಗುತ್ತದೆ. ಇರುವೆಯೊಂದು ಸರಸರನೆ ಬಂದು ಬಳೆಯ ಅಂಚಿನಲ್ಲಿ ನಿಲ್ಲುತ್ತದೆ, ಮೀಸೆಯನ್ನು ಮುಂದಕ್ಕೆ ಚಾಚಿ ಅಂಟನ್ನು ಮುಟ್ಟುತ್ತದೆ, ಮೀಸೆಯನ್ನು ಎಳೆದುಕೊಂಡು ಕಾಲಿನಿಂದ ಒರೆಸಿಕೊಳ್ಳುತ್ತದೆ, ಕಡ್ಡಿಯ ಅಡಿಗೆ ಹೋಗಿ ಅಲ್ಲಿಯೂ ಪರೀಕ್ಷಿಸಿ ಬಂದ ದಾರಿಯಲ್ಲಿ ಮರಳುತ್ತದೆ. ಅಂಟು ಒಣಗಿ ಧೂಳು ಕೂತರೆ ಕಾವಲು ಸಡಿಲವಾಗುತ್ತದೆ. ಹಾಗಾಗಿ ಜೇನುಗಳು ಅದಕ್ಕೆ ಮತ್ತೆ ಮತ್ತೆ ಹೊಸ ಅಂಟು ಬಳಿಯುತ್ತವೆ. ನೋಡುವವರು ಇಲ್ಲಿ ಎಚ್ಚರ ವಹಿಸಬೇಕು: ಸರಿಯಾಗಿ ಕಾಣಲಿ ಎಂದು ಪಕ್ಕದ ಕೊಂಬೆಯನ್ನು ಬಗ್ಗಿಸಿ ಎರಿಗೆ ತಾಗಿಸಿದರೆ, ಅಂಟಿಲ್ಲದ ಸೇತುವೆಯೊಂದನ್ನು ನಾವೇ ಇರುವೆಗೆ ಕಟ್ಟಿಕೊಟ್ಟಂತಾಗುತ್ತದೆ.

ಎರಿಯನ್ನು ಮೇಲಿನಿಂದ ಕೆಳಕ್ಕೆ ಓದುವುದು

ಎರಿ ಹೆಚ್ಚಾಗಿ ಅಂಗೈ ಅಗಲದ್ದು, ಕುಟುಂಬ ಬಲಿತರೆ ಇನ್ನೂ ದೊಡ್ಡದು. ಆದರೆ ಬೆಳಿಗ್ಗೆ ಹೋದವರಿಗೆ ಎರಿ ಕಾಣುವುದೇ ಇಲ್ಲ. ಕುಟುಂಬದಲ್ಲಿರುವ ಕೆಲವು ಸಾವಿರ ಜೇನುಗಳಲ್ಲಿ ಬಹುಪಾಲು ಹೊರಗೆ ದುಡಿಯಲು ಹೋಗದೆ, ತಲೆ ಮೇಲಾಗಿ, ನಾಡಹೆಂಚಿನಂತೆ ಒಂದರ ಮೇಲೊಂದು ಹೊದಿಕೆಯಾಗಿ ಎರಿಯನ್ನು ಮುಚ್ಚಿರುತ್ತವೆ. ಪೊಟರೆಯ ಗೋಡೆ ತುಡುವೆಗೆ ಮಾಡುವ ಕೆಲಸವನ್ನು ಇಲ್ಲಿ ಜೇನುಗಳ ಮೈಯೇ ಮಾಡುತ್ತದೆ: ಮಳೆನೀರು ಅವುಗಳ ರೆಕ್ಕೆಯ ಮೇಲೆ ಜಾರಿ ಕೆಳಗಿಳಿಯುತ್ತದೆ, ಒಳಗಿನ ಮರಿಗಳ ಬಿಸಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಳಿಯುತ್ತದೆ. ಮಾಘದ ಚಳಿಯಲ್ಲಿ ಹೊದಿಕೆ ಬಿಗಿಯಾಗಿರುತ್ತದೆ. ಬಿಸಿಲೇರಿದಂತೆ ಸಡಿಲವಾಗಿ, ಜೇನುಗಳು ರೆಕ್ಕೆ ಬೀಸಿ ಗಾಳಿ ಹಾಕತೊಡಗುತ್ತವೆ. ಆ ಹೊತ್ತಿನಲ್ಲಿ ಸಂದುಗಳಲ್ಲಿ ಎರಿ ಕಾಣುತ್ತದೆ.

ಎಲ್ಲಕ್ಕಿಂತ ಮೇಲೆ, ಕಡ್ಡಿಯನ್ನು ಸುತ್ತಿಕೊಂಡು ಉಬ್ಬಿರುವ ಭಾಗವೇ ನೆತ್ತಿ. ತುಪ್ಪ ಇರುವುದು ಅಲ್ಲಿ. ಅದರ ಕೆಳಗೆ ಪರಾಗ ತುಂಬಿದ ಕೋಣೆಗಳ ಕಿರಿದಾದ ಪಟ್ಟಿ. ಅದಕ್ಕೂ ಕೆಳಗೆ ಸುಮಾರು 3 ಮಿಲಿಮೀಟರ್ ಅಗಲದ ಕೆಲಸಗಾರ ಜೇನಿನ ಕೋಣೆಗಳು. ಕೆಳ ಅಂಚಿನಲ್ಲಿ ಕೆಲವೊಮ್ಮೆ 4 ಮಿಲಿಮೀಟರಿಗೂ ಅಗಲವಾದ ಕೋಣೆಗಳು ಕಂಡರೆ ಅವು ಗಂಡುಜೇನಿನವು. ಅಂಚಿನಿಂದ ಕೆಳಮುಖವಾಗಿ ಉದ್ದನೆಯ ಕೋಣೆಗಳು ಇಳಿಬಿದ್ದಿದ್ದರೆ ಹೊಸ ರಾಣಿಯರು ಬೆಳೆಯುತ್ತಿದ್ದಾರೆ, ಕುಟುಂಬ ಪಾಲಾಗುವ ಕಾಲ ಹತ್ತಿರವಾಗಿದೆ ಎಂದು ತಿಳಿಯಬೇಕು. ಮೇಣದ ಬಣ್ಣವೂ ಮಾತಾಡುತ್ತದೆ: ಹೊಸ ಮೇಣ ಬೆಳ್ಳಗಿರುತ್ತದೆ, ತಲೆಮಾರುಗಳು ಬೆಳೆದು ಹೋದ ಕೋಣೆಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ.

ವಾರಕ್ಕೊಮ್ಮೆ ಒಂದು ಹಾಳೆಯಲ್ಲಿ ಎರಿಯ ಹೊರರೇಖೆ ಬರೆದು, ಮೇಣದಿಂದ ಮುಚ್ಚಿದ ಕೋಣೆಗಳು ಎಲ್ಲಿವೆ ಎಂದು ಗುರುತು ಹಾಕುತ್ತ ಹೋಗಿ. ಮೊಟ್ಟೆ ಮೂರು ದಿನದಲ್ಲಿ ಒಡೆಯುತ್ತದೆ. ಮರಿಹುಳು ತಿಂದು ಬೆಳೆದ ಮೇಲೆ ಕೋಣೆಗೆ ಮುಚ್ಚಳ ಬೀಳುತ್ತದೆ. ಒಟ್ಟು ಸುಮಾರು ಮೂರು ವಾರಕ್ಕೆ ಕೆಲಸಗಾರ ಜೇನು ಹೊರಬರುತ್ತದೆ. ಮೂರು ನಾಲ್ಕು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಮರಿಗಳಿರುವ ಭಾಗ ಎರಿಯ ಮೇಲೆ ಸರಿಯುತ್ತ ಹೋಗುವುದು ಕಾಣುತ್ತದೆ. ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೀವಶಾಸ್ತ್ರದ ಪಾಠ ನನಗೆ ತೋಚುವುದಿಲ್ಲ.

ನೆತ್ತಿಯ ಮೇಲಿನ ಕುಣಿತ

ಕೋಲುಜೇನನ್ನು ನೋಡಲೇಬೇಕಾದ ಮುಖ್ಯ ಕಾರಣ ಇದು. ಆಹಾರ ಎಲ್ಲಿದೆ ಎಂದು ಜೇನುಗಳು ಕುಣಿದು ತಿಳಿಸುತ್ತವೆ ಎಂಬುದನ್ನು ಕಂಡುಹಿಡಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ತುಡುವೆ ಈ ಕುಣಿತವನ್ನು ಕತ್ತಲೆಯಲ್ಲಿ, ನೆಟ್ಟಗೆ ನಿಂತ ಎರಿಯ ಮೇಲೆ ಕುಣಿಯುತ್ತದೆ. ಅಲ್ಲಿ ಸೂರ್ಯ ಕಾಣದ ಕಾರಣ ‘ಮೇಲಕ್ಕೆ’ ಎಂಬುದನ್ನೇ ಸೂರ್ಯನ ದಿಕ್ಕು ಎಂದು ಇಟ್ಟುಕೊಂಡು ಕೋನವನ್ನು ಲೆಕ್ಕ ಹಾಕಬೇಕು. ಕೋಲುಜೇನಿಗೆ ಆ ಲೆಕ್ಕವಿಲ್ಲ. ಅದು ಚಪ್ಪಟೆಯಾದ ನೆತ್ತಿಯ ಮೇಲೆ, ಆಕಾಶದ ಕೆಳಗೆ, ಹೂವು ಇರುವ ದಿಕ್ಕಿಗೇ ನೇರವಾಗಿ ಓಡಿ ತೋರಿಸುತ್ತದೆ. ಫಾನ್ ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡೌರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ಇದನ್ನು ಅಧ್ಯಯನ ಮಾಡಿದರು.

ನೋಡುವ ಕ್ರಮ ಹೀಗಿದೆ. ಬೆಳಿಗ್ಗೆ ಒಂಬತ್ತು ಗಂಟೆಯ ನಂತರ, ಬಿಸಿಲಿರುವ ದಿನ, ಕಣ್ಣು ನೆತ್ತಿಗಿಂತ ಸ್ವಲ್ಪ ಮೇಲಿರುವಂತೆ ಮಣೆಯನ್ನೋ ಸ್ಟೂಲನ್ನೋ ಇಟ್ಟುಕೊಂಡು ನಿಲ್ಲಬೇಕು. ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತು ಬಂದು ನೆತ್ತಿಯ ಮೇಲೆ ಇಳಿದ ಜೇನನ್ನು ಕಣ್ಣಿನಿಂದ ಬಿಡಬಾರದು. ಅದು ಹೊಟ್ಟೆಯನ್ನು ಎತ್ತಿ ಎಡಬಲಕ್ಕೆ ಅಲುಗಿಸುತ್ತ ಸ್ವಲ್ಪ ದೂರ ನೇರವಾಗಿ ಓಡುತ್ತದೆ, ಎಡಕ್ಕೆ ಸುತ್ತಿ ಹೊರಟ ಜಾಗಕ್ಕೆ ಬರುತ್ತದೆ, ಮತ್ತೆ ಅದೇ ನೇರ ಓಟ, ಈ ಬಾರಿ ಬಲಕ್ಕೆ ಸುತ್ತು. ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಹೊಟ್ಟೆ ಅಲುಗಿಸುತ್ತ ಓಡುವ ನೇರ ಗೆರೆಯಷ್ಟೇ ನಮಗೆ ಬೇಕಾದದ್ದು. ಆ ಓಟ ದೀರ್ಘವಾದಷ್ಟೂ ಹೂವು ದೂರ. ಒಂದೇ ಜೇನನ್ನು ನಂಬದೆ ಐದಾರು ಕುಣಿತಗಳನ್ನು ನೋಡಿ, ಹೆಚ್ಚಿನವು ತೋರಿಸುವ ದಿಕ್ಕನ್ನು ಗುರುತಿಸಿಕೊಂಡು ಆ ಕಡೆಗೆ ನಡೆಯಬೇಕು. ಪಕ್ಕದ ಮನೆಯ ನುಗ್ಗೆಮರವೋ ಹೊಲದ ಹುಚ್ಚೆಳ್ಳೋ ಎದುರಾದೀತು. ಪರಾಗದ ಉಂಡೆಯ ಬಣ್ಣವನ್ನು ಹೂವಿನ ಪರಾಗದ ಜೊತೆ ಹೋಲಿಸಿದರೆ ಇನ್ನಷ್ಟು ಖಚಿತವಾಗುತ್ತದೆ. ಸೂರ್ಯ ಮೋಡದ ಹಿಂದೆ ಇದ್ದರೂ ನೀಲಿ ಆಕಾಶದ ಒಂದು ತುಣುಕು ಕಂಡರೆ, ಅದರ ಬೆಳಕಿನ ಧ್ರುವೀಕರಣದಿಂದಲೇ, ಅಂದರೆ ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುವುದರಿಂದಲೇ, ಜೇನುಗಳು ದಿಕ್ಕು ಹಿಡಿಯುತ್ತವೆ.

ತುಪ್ಪಕ್ಕಾಗಿ ನೆತ್ತಿಯನ್ನು ಕತ್ತರಿಸುವವರು ಗಮನಿಸಬೇಕಾದದ್ದೂ ಇಲ್ಲಿಯೇ ಇದೆ. ಸಿಗುವುದು ಕೆಲವು ನೂರು ಗ್ರಾಂ ತುಪ್ಪ. ಹೋಗುವುದು ಕುಟುಂಬದ ಕಣಜ ಮತ್ತು ಅದು ಮಾತನಾಡುವ ಅಂಗಳ, ಎರಡೂ ಒಟ್ಟಿಗೆ. ಒಮಾನ್ ದೇಶದಲ್ಲಿ ತುಪ್ಪದ ಭಾಗವನ್ನಷ್ಟೇ ಕತ್ತರಿಸಿ, ಮರಿಗಳಿರುವ ಎರಿಯನ್ನು ಸೀಳಿದ ಕಡ್ಡಿಗಳ ನಡುವೆ ಕಟ್ಟಿ ಕುಟುಂಬವನ್ನು ಉಳಿಸಿಕೊಳ್ಳುವ ಪರಿಪಾಠವಿದೆ. ಅಷ್ಟು ಕೈಚಳಕ ಇಲ್ಲದವರು ತುಪ್ಪಕ್ಕೆ ತುಡುವೆ ಸಾಕುವುದೇ ಸರಿ.

ನಡುಮಧ್ಯಾಹ್ನ

ಅಗಲವಾದ ಕೋಣೆಗಳನ್ನು ಕಂಡ ಕೆಲವು ವಾರಗಳ ನಂತರ, ಊಟದ ಹೊತ್ತಿನಲ್ಲಿ ಎರಿಯ ಬಳಿ ಹೋಗಬೇಕು. ದೊಡ್ಡ ಕಣ್ಣಿನ, ಕಪ್ಪು ಮೈಯ ಗಂಡುಜೇನುಗಳು ಗುಂಪಾಗಿ ಹೊರಹೊಮ್ಮುವುದು ಆಗ. ಶ್ರೀಲಂಕಾದಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೋಲುಜೇನಿನ ಗಂಡುಗಳು ನಡುಮಧ್ಯಾಹ್ನವೂ, ತುಡುವೆಯವು ಸಂಜೆಯ ಮುಂಚೆಯೂ, ಹೆಜ್ಜೇನಿನವು ಮುಸ್ಸಂಜೆಯಲ್ಲಿಯೂ ಹಾರುತ್ತವೆ ಎಂದು ತೋರಿಸಿತು. ಮೂರೂ ಜಾತಿಯ ರಾಣಿಯರು ಗಂಡುಗಳನ್ನು ಸೆಳೆಯುವ ವಾಸನೆಯಲ್ಲಿ ಮುಖ್ಯ ಅಂಶ ಒಂದೇ ಆಗಿರುವುದರಿಂದ, ಹೊತ್ತನ್ನು ಹಂಚಿಕೊಂಡಿರುವುದು ಗೊಂದಲವನ್ನು ತಪ್ಪಿಸುತ್ತದೆ. ಎರಿಯ ಕೆಳಗೆ ಸತ್ತ ಗಂಡುಜೇನು ಸಿಕ್ಕರೆ ಭೂತಗನ್ನಡಿಯಲ್ಲಿ ಹಿಂಗಾಲನ್ನು ನೋಡಿ; ಹೆಬ್ಬೆರಳಿನಂಥ ಚಾಚಿಕೆಯೊಂದು ಕಾಣುತ್ತದೆ. ಹಾರುತ್ತಲೇ ರಾಣಿಯನ್ನು ಹಿಡಿಯಲು ಅದು ಬೇಕು.

ಗುಳೆ ಹೋದ ಮೇಲೆ

ಕೋಲುಜೇನು ಒಂದೇ ಕಡೆ ವರ್ಷಗಟ್ಟಲೆ ಇರುವುದಿಲ್ಲ. ನೆರಳು ತಪ್ಪಿದರೆ, ಹೂವು ಮುಗಿದರೆ, ಇರುವೆಯೋ ಮೇಣದ ಚಿಟ್ಟೆಯೋ ಕಾಟ ಕೊಟ್ಟರೆ ಕುಟುಂಬ ಇಡಿಯಾಗಿ ಗುಳೆ ಹೊರಡುತ್ತದೆ. ಅವಸರವಿಲ್ಲದ ಗುಳೆಯಾದರೆ ಮುನ್ಸೂಚನೆ ಸಿಗುತ್ತದೆ: ಹೊಸ ಮೊಟ್ಟೆಗಳು ನಿಲ್ಲುತ್ತವೆ, ಮುಚ್ಚಿದ ಕೋಣೆಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ, ನೆತ್ತಿಯ ತುಪ್ಪ ಬರಿದಾಗುತ್ತದೆ. ಬೇಲಿ ಸವರುವುದು ಅನಿವಾರ್ಯವಾದರೆ ಈ ದಿನಗಳವರೆಗೆ ಕಾಯಬೇಕು. ಅಲ್ಲಿಯವರೆಗೆ ಎರಿಯ ಸುತ್ತ ಒಂದು ಮಾರು ಜಾಗವನ್ನು ಸವರದೆ ಬಿಟ್ಟರೆ ನೆರಳು ಉಳಿಯುತ್ತದೆ.

ಖಾಲಿ ಎರಿಯನ್ನು ಕೂಡಲೇ ಕಿತ್ತುಕೊಳ್ಳಬೇಡಿ. ಹೊಸ ಜಾಗ ನೂರಿನ್ನೂರು ಮೀಟರ್ ಒಳಗಿದ್ದರೆ ಕೆಲಸಗಾರ ಜೇನುಗಳು ಹಳೆಯ ಎರಿಗೆ ಮರಳಿ ಬಂದು, ಮೇಣವನ್ನು ಬಾಯಿಯಿಂದ ಕೆರೆದು, ಪರಾಗ ಹೊರುವ ಹಿಂಗಾಲಿನ ಬುಟ್ಟಿಯಲ್ಲಿಯೇ ಅದನ್ನು ಹೊತ್ತೊಯ್ಯುತ್ತವೆ. ಹೊಸದಾಗಿ ಮೇಣ ಸುರಿಸಲು ತುಪ್ಪ ಖರ್ಚಾಗುತ್ತದೆ. ಹತ್ತಿರದ ಹಳೆಯ ಮೇಣ ಆ ಖರ್ಚನ್ನು ಉಳಿಸುತ್ತದೆ, ದೂರವಾದರೆ ಹಾರಾಟದ ಖರ್ಚೇ ಹೆಚ್ಚಾಗುತ್ತದೆ. ಮೇಣ ಹೊರುವ ಜೇನುಗಳು ಕಂಡರೆ ಅವು ಹಾರಿದ ದಿಕ್ಕನ್ನು ಹಿಡಿದು ಹೊಸ ಎರಿಯನ್ನು ಹುಡುಕಬಹುದು. ಕೆಲವು ದಿನ ಕಾದರೂ ಒಂದು ಜೇನೂ ಬಾರದಿದ್ದರೆ ಕಡ್ಡಿಸಮೇತ ಎರಿಯನ್ನು ಕತ್ತರಿಸಿ ತಂದು, ಕೋಣೆಗಳ ಅಗಲವನ್ನು ಅಳೆದು, ಹಾಳೆಗಳಲ್ಲಿ ಬರೆದುಕೊಂಡದ್ದರ ಜೊತೆ ಹೋಲಿಸಬಹುದು.